"ಹಿಮ ಮುಚ್ಚಿದ್ದರಿಂದ ಛಾವಣಿ ನೋಡಲಾಗಲಿಲ್ಲ" ಎಂಬ ಸಾಲಿಗೆ ಸಹಿ ಹಾಕಬೇಡಿ

ಮನೆ ಕೊಳ್ಳುವ ಮುಂಚೆ ನಮಗೆ ಸಿಕ್ಕ ತನಿಖಾ ವರದಿ 40 ಪುಟ ದಾಟಿತ್ತು. ಬಚ್ಚಲಿನ ನಲ್ಲಿ ಸಡಿಲವಾಗಿದೆ ಎನ್ನುವುದಕ್ಕೆ ಫೋಟೊ ಸಮೇತ ಅರ್ಧ ಪುಟ. ಛಾವಣಿಗೆ ಸಿಕ್ಕಿದ್ದು ಒಂದೇ ಸಾಲು: "ಹಿಮ ಮುಚ್ಚಿದ್ದರಿಂದ ಪರಿಶೀಲಿಸಲಾಗಲಿಲ್ಲ." ನಾನು ಅದನ್ನು ಓದಿದೆ. ಓದಿಯೂ ಸಹಿ ಹಾಕಿದೆ. ಮಾರುವವರು "ಛಾವಣಿ ಹೊಸದು" ಎಂದಿದ್ದರು, ಅದೇ ಧೈರ್ಯ.

ಈಗ ಆ ಛಾವಣಿಯನ್ನು ಹಲಗೆ ಸಮೇತ ಕಿತ್ತು ಮತ್ತೆ ಹಾಕಿಸಿದ್ದೇವೆ. ಚಳಿಗಾಲದಲ್ಲಿ ಮನೆ ನೋಡುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಪೂರ್ತಿ ಓದಿ. ಛಾವಣಿಯ ಮೇಲೆ ಎರಡು ಅಡಿ ಹಿಮ ಕೂತಿದ್ದರೂ ಅದರ ಆರೋಗ್ಯ ತಿಳಿಯಲು ದಾರಿ ಇದೆ. ನಾವು ನೋಡಬೇಕಾದ ಕಡೆ ನೋಡಲಿಲ್ಲ, ಅಷ್ಟೆ.

ಮೊದಲ ದಿನ ಮನೆ ಮುಂದೆ ನಿಂತಾಗ ಸೂರಂಚಿನ ಉದ್ದಕ್ಕೂ ತೋಳಿನ ದಪ್ಪದ ಮಂಜುಗಡ್ಡೆ ಕೋಲುಗಳು ನೇತಾಡುತ್ತಿದ್ದವು. ಬಿಸಿಲಿಗೆ ಗಾಜಿನ ಹಾಗೆ ಹೊಳೆಯುತ್ತಿದ್ದವು. ಮಗಳು ಅದರ ಫೋಟೊ ತೆಗೆದಳು. ಆ ಫೋಟೊ ಈಗಲೂ ನನ್ನ ಫೋನಿನಲ್ಲಿದೆ. ಅದರಲ್ಲಿ ಇನ್ನೂ ಒಂದು ವಿಷಯ ಕಾಣುತ್ತದೆ: ನಮ್ಮ ಮಾಡಿನ ನೆತ್ತಿಯ ಹತ್ತಿರ ಹಿಮ ಕರಗಿ ಕಪ್ಪು ತೇಪೆಗಳು ಮೂಡಿವೆ. ಎಡಬಲದ ಎರಡೂ ಮನೆಗಳ ಮೇಲೆ ಹಿಮ ಅಂಚಿನಿಂದ ಅಂಚಿಗೆ ಕದಲದೆ ಕೂತಿದೆ. ಒಂದೇ ಬೀದಿ, ಒಂದೇ ಬಿಸಿಲು, ಒಂದೇ ದಿಕ್ಕಿಗೆ ಇಳಿಜಾರು. ನಮ್ಮದು ಮಾತ್ರ ಕರಗುತ್ತಿದೆ ಎಂದರೆ ಕೆಳಗಿನಿಂದ ಯಾವುದೋ ಶಾಖ ಅದನ್ನು ಕರಗಿಸುತ್ತಿದೆ ಎಂದೇ ಅರ್ಥ. ಆ ಶಾಖ ನಾವು ದುಡ್ಡು ಕೊಟ್ಟು ಕಾಯಿಸುವ ಮನೆಯೊಳಗಿನ ಗಾಳಿ.

ಮನೆಗೆ ಬಂದು ಮೂರು ವಾರ ಆಗಿತ್ತು. ಒಂದು ವಾರವಿಡೀ ಮೈನಸ್ 20 ಡಿಗ್ರಿ ಆಸುಪಾಸಿನ ಕೊರೆವ ಚಳಿ. ಆಮೇಲೆ ಒಂದು ಬೆಳಿಗ್ಗೆ ಒಳ್ಳೆಯ ಬಿಸಿಲು ಬಂತು. ಹೊರಗೆ ಮಳೆಯಿಲ್ಲ, ಹಿಮ ಬೀಳುತ್ತಿಲ್ಲ. ಒಳಗೆ, ಮಲಗುವ ಕೋಣೆಯ ತಾರಸಿ (ಸೀಲಿಂಗ್) ಹೊರಗೋಡೆಗೆ ಸೇರುವ ಮೂಲೆಯಲ್ಲಿ ಅಂಗೈಯಗಲದ ಕಂದು ಕಲೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ಹನಿ ಬೀಳತೊಡಗಿತು. ಸಂಜೆ ಬಚ್ಚಲಿನ ದೀಪದ ಬುಡದಿಂದಲೂ.

ಗಾಬರಿಯಲ್ಲಿ ಕೈಗೆ ಸಿಕ್ಕ ಮೊದಲ ಛಾವಣಿ ಕೆಲಸದವರನ್ನು ಕರೆಸಿದೆವು. ಅವರು ಏಣಿ ಹಾಕಿ ಹತ್ತಿದರು, ಚಿಮಣಿಯ ಸುತ್ತ ಡಾಂಬರಿನಂಥದ್ದನ್ನು ಬಳಿದರು, "ಫ್ಲಾಶಿಂಗ್ (ಚಿಮಣಿ ಮಾಡಿಗೆ ಸೇರುವ ಕಡೆಯ ತಗಡು) ಬಿಟ್ಟಿತ್ತು, ಸರಿ ಹೋಯಿತು" ಎಂದು ದುಡ್ಡು ತೆಗೆದುಕೊಂಡು ಹೋದರು. ಮನೆಯೊಳಗೆ ಕಾಲಿಡಲೇ ಇಲ್ಲ. ಕಲೆ ಇದ್ದ ಮೂಲೆಗೂ ಚಿಮಣಿಗೂ ನಡುವೆ ಒಂದು ಇಡೀ ಕೋಣೆಯ ದೂರ ಇತ್ತು. ಅದನ್ನು ಕೇಳಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಹತ್ತು ದಿನಕ್ಕೆ ಮತ್ತೆ ಸೋರಿತು. ಅಷ್ಟು ಚಳಿಯಲ್ಲಿ ಶಿಂಗಲ್ಸ್, ಅಂದರೆ ಹೆಂಚಿನ ಹಾಗೆ ಮಾಡಿಗೆ ಹೊದಿಸುವ ತೆಳು ಬಿಲ್ಲೆಗಳ ಮೇಲೆ ನಡೆದಾಡಿದ್ದೂ ತಪ್ಪೇ. ಡಾಂಬರು ಶಿಂಗಲ್ಸ್ ಚಳಿಗೆ ಗಡುಸಾಗಿ ಕಾಲಿನ ಭಾರಕ್ಕೆ ಬಿರುಕು ಬಿಡುತ್ತವೆ.

ಎರಡನೆಯ ಸಲ ಬಂದವರು ಏಣಿಯನ್ನು ಗಾಡಿಯಿಂದ ಇಳಿಸಲೇ ಇಲ್ಲ. ಮೊದಲು ಕೇಳಿದ್ದು, "ಅಟ್ಟಕ್ಕೆ ದಾರಿ ಎಲ್ಲಿ?" ಅಂತ. ಅವರ ಹಿಂದೆಯೇ ನಾನೂ ಹತ್ತಿದೆ. ಆ ಅರ್ಧ ಗಂಟೆಯಲ್ಲಿ ಕಂಡದ್ದನ್ನು ಮನೆ ಕೊಳ್ಳುವ ಮುಂಚೆ ಕಂಡಿದ್ದರೆ ನಮ್ಮ ಕಥೆಯೇ ಬೇರೆಯಾಗುತ್ತಿತ್ತು.

ಟಾರ್ಚ್ ಬಿಟ್ಟಾಗ ಮೊದಲು ಕಂಡದ್ದು ಮೊಳೆಗಳು. ಶಿಂಗಲ್ಸ್ ಹೊಡೆದ ಮೊಳೆಗಳ ತುದಿ ಹಲಗೆ ದಾಟಿ ಒಳಗೆ ಇಣುಕುತ್ತವೆ. ಒಂದೊಂದರ ತುದಿಯಲ್ಲೂ ಬಿಳಿ ಹಿಮದ ಗುಬುಟು. ಕೆಲವು ತುಕ್ಕು ಹಿಡಿದು ಸುತ್ತಲೂ ಕಪ್ಪು ಉಂಗುರ. ಬಚ್ಚಲಿನ ಗಾಳಿ ಫ್ಯಾನಿನ ಕೊಳವೆ ಹೊರಗೆ ಹೋಗಬೇಕಾದದ್ದು ಕಳಚಿ ಅಟ್ಟದಲ್ಲೇ ಬಾಯಿ ಬಿಟ್ಟು ಬಿದ್ದಿತ್ತು. ಅಂದರೆ ನಾವು ಸ್ನಾನ ಮಾಡಿದ ಪ್ರತಿ ಸಲದ ಹಬೆಯೂ ಅಟ್ಟಕ್ಕೆ ಹೋಗಿ ತಣ್ಣನೆಯ ಮೊಳೆ, ಹಲಗೆಗಳ ಮೇಲೆ ಹೆಪ್ಪುಗಟ್ಟುತ್ತಿತ್ತು. ಚಳಿ ಇರುವಷ್ಟು ದಿನ ಅದು ಸದ್ದಿಲ್ಲದೆ ಕೂಡಿಡುತ್ತದೆ. ಬಿಸಿಲು ಬಂದ ದಿನ ಎಲ್ಲ ಒಟ್ಟಿಗೆ ಕರಗಿ ಬೀಳುತ್ತದೆ. ಬಚ್ಚಲಿನ ದೀಪದಿಂದ ಸೋರಿದ್ದು ಆ ನೀರು. ಛಾವಣಿಯಲ್ಲಿ ತೂತೇ ಇಲ್ಲದಿದ್ದರೂ ಅದು ಸೋರುತ್ತಿತ್ತು.

ಮೂಲೆಯ ಸೋರಿಕೆಯ ಕಾರಣ ಬೇರೆ. ಅಟ್ಟದ ಗಾಳಿ ಬೆಚ್ಚಗಾದಾಗ ಮೇಲಿನ ಹಲಗೆಯೂ ಸೊನ್ನೆ ಡಿಗ್ರಿ ದಾಟುತ್ತದೆ. ಹಿಮದ ತಳ ಕರಗಿ ನೀರು ಇಳಿಜಾರಿನಲ್ಲಿ ಹರಿಯುತ್ತದೆ. ಸೂರಂಚು ಗೋಡೆಯಿಂದ ಹೊರಗೆ ಚಾಚಿರುವುದರಿಂದ ಅದರ ಕೆಳಗೆ ಮನೆಯ ಶಾಖ ಇಲ್ಲ. ನೀರು ಅಲ್ಲಿಗೆ ಬಂದು ಮತ್ತೆ ಗಟ್ಟಿಯಾಗುತ್ತದೆ. ದಿನಕ್ಕಿಷ್ಟು ಬೆಳೆದು ಅದೊಂದು ಮಂಜುಗಡ್ಡೆಯ ಒಡ್ಡಾಗುತ್ತದೆ. ಒಡ್ಡಿನ ಹಿಂದೆ ನೀರು ನಿಲ್ಲುತ್ತದೆ. ಶಿಂಗಲ್ಸ್ ಒಂದರ ಮೇಲೊಂದು ಹೊದಿಸಿರುವುದು ಹರಿಯುವ ನೀರನ್ನು ಜಾರಿಸಲು. ನಿಂತ ನೀರನ್ನು ತಡೆಯುವ ಶಕ್ತಿ ಅವಕ್ಕಿಲ್ಲ. ನೀರು ಅವುಗಳ ಅಡಿಯಿಂದ ಮೇಲಕ್ಕೆ ನುಗ್ಗಿ ಹಲಗೆ ತೋಯಿಸಿ ಗೋಡೆಯ ಮೂಲೆಯಲ್ಲಿ ಇಳಿಯುತ್ತದೆ. ನಮ್ಮ ಮಗಳು ಫೋಟೊ ತೆಗೆದ ಆ ಕೋಲುಗಳು ಈ ಒಡ್ಡಿನ ಅಂಚು. ಹಿಮ ಸ್ವತಃ ಕಂಬಳಿಯ ಹಾಗೆ ಶಾಖ ಹಿಡಿದಿಡುತ್ತದೆ. ಆದ್ದರಿಂದ ಹಿಮ ದಪ್ಪವಾದಷ್ಟೂ ಅಡಿಯ ಕರಗುವಿಕೆ ಹೆಚ್ಚು.

ಹೀಗಾಗದಿರಲೆಂದು ಶಿಂಗಲ್ಸ್ ಅಡಿಯಲ್ಲಿ ಅಂಟುವ ಜಲನಿರೋಧಕ ಹಾಳೆ ಹಾಸುವ ಪದ್ಧತಿ ಇದೆ. ಅಮೆರಿಕದ ಮಾದರಿ ಮನೆ ಕಟ್ಟಡ ಸಂಹಿತೆ, ಮಂಜುಗಡ್ಡೆಯ ಒಡ್ಡು ಕಟ್ಟುವ ಪ್ರದೇಶಗಳಲ್ಲಿ ಈ ಹಾಳೆ ಸೂರಂಚಿನಿಂದ ಹೊರಟು ಹೊರಗೋಡೆಯ ಗೆರೆ ದಾಟಿ ಕನಿಷ್ಠ 24 ಇಂಚು ಒಳಗೆ ಬರಬೇಕು ಎನ್ನುತ್ತದೆ. ನಮ್ಮ ಮನೆಯಲ್ಲಿ ಒಂದು ಇಂಚೂ ಇರಲಿಲ್ಲ. ಯಾಕೆ ಎನ್ನುವುದು ವಸಂತದಲ್ಲಿ ಕಿತ್ತಾಗ ಗೊತ್ತಾಯಿತು: "ಹೊಸ ಛಾವಣಿ" ಎಂದರೆ ಹಳೆಯ ಶಿಂಗಲ್ಸ್ ತೆಗೆಯದೆ ಅದರ ಮೇಲೆಯೇ ಹೊಡೆದ ಇನ್ನೊಂದು ಪದರ. ಹಳೆಯದನ್ನು ಕೀಳದೆ ಹಾಳೆ ಹಾಸಲು ಸಾಧ್ಯವಿಲ್ಲ. ಹಲಗೆ ಕೊಳೆತಿದೆಯೇ ಎಂದು ನೋಡಲೂ ಸಾಧ್ಯವಿಲ್ಲ. ಸೂರಂಚಿನ ಬಳಿ ಸ್ಕ್ರೂಡ್ರೈವರ್ ಒತ್ತಿದರೆ ಹಲಗೆಯೊಳಕ್ಕೆ ತಡೆಯಿಲ್ಲದೆ ಇಳಿಯುತ್ತಿತ್ತು. ಪೂರ್ತಿ ಸುಳ್ಳು ಹೇಳಿದರು ಎನ್ನಲಾರೆ, ಮೇಲಿನ ಪದರ ನಿಜಕ್ಕೂ ಹೊಸದೇ. ಆದರೆ "ಹೊಸದು" ಎಂಬ ಮಾತಿಗೆ ತೃಪ್ತರಾಗಬೇಡಿ. ಹಳೆಯದನ್ನು ಕಿತ್ತರೋ ಇಲ್ಲವೋ, ಕೆಲಸದ ಬಿಲ್ಲು, ಪರವಾನಗಿ, ತಾರೀಖು ಎಲ್ಲಿ, ಇವನ್ನು ಕೇಳಿ. ಕೆಲಸ ನಡೆದದ್ದು ನಡುಚಳಿಗಾಲದಲ್ಲಾದರೆ ಇನ್ನೊಂದು ಪ್ರಶ್ನೆ: ಶಿಂಗಲ್ಸ್ ಒಂದಕ್ಕೊಂದು ಅಂಟಲು ಬಿಸಿಲಿನ ಶಾಖ ಬೇಕು, ಚಳಿಯಲ್ಲಿ ಹಾಕಿದರೆ ಪ್ರತಿಯೊಂದನ್ನೂ ಕೈಯಿಂದ ಗೋಂದು ಹಚ್ಚಿ ಕೂರಿಸಬೇಕು. ಹಾಗೆ ಮಾಡಿದ್ದಾರೆಯೇ?

ಅಟ್ಟದಲ್ಲಿ ಇನ್ನೊಂದು ತಪ್ಪಿತ್ತು, ಅದನ್ನು ಮಾಡಿದವರು ಒಳ್ಳೆಯದಾಗಲೆಂದೇ ಮಾಡಿದ್ದಿರಬೇಕು. ಇನ್ಸುಲೇಶನ್ (ಮನೆಯ ಶಾಖ ಹೊರಹೋಗದಂತೆ ಹಾಸುವ ಪದರ) ಅನ್ನು ಸೂರಂಚಿನ ಮೂಲೆಯವರೆಗೂ ಗಿಡಿದು ತುಂಬಿದ್ದರು. ಅಲ್ಲೇ ಹೊರಗಿನ ತಣ್ಣನೆಯ ಗಾಳಿ ಒಳಬರುವ ಕಂಡಿಗಳಿರುವುದು. ಗಾಳಿ ಕೆಳಗೆ ಸೂರಂಚಿನಲ್ಲಿ ನುಗ್ಗಿ ಮೇಲೆ ನೆತ್ತಿಯಲ್ಲಿ ಹೊರಬಿದ್ದರೆ ಮಾತ್ರ ಅಟ್ಟ ತಣ್ಣಗಿರುತ್ತದೆ, ಒಣಗಿರುತ್ತದೆ. ಹಿಮದ ನಾಡಿನಲ್ಲಿ ಒಳ್ಳೆಯ ಅಟ್ಟ ಎಂದರೆ ತಣ್ಣಗಿನ ಅಟ್ಟ. ಇದು ನನಗೆ ತಲೆಗೆ ಹತ್ತಲು ಬಹಳ ದಿನ ಹಿಡಿಯಿತು. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ ಬಳಸುವ ಲೆಕ್ಕದ ಪ್ರಕಾರ ಅಟ್ಟದ ನೆಲದ ಪ್ರತಿ 300 ಚದರ ಅಡಿಗೆ 1 ಚದರ ಅಡಿ ಗಾಳಿಕಂಡಿ ಬೇಕು, ಮೇಲೂ ಕೆಳಗೂ ಸರಿಸುಮಾರು ಸಮ ಪಾಲು. ನಮ್ಮಲ್ಲಿ ಮೇಲಿನ ಕಂಡಿ ಇತ್ತು, ಕೆಳಗಿನವು ಉಸಿರುಗಟ್ಟಿದ್ದವು.

ಆದ್ದರಿಂದ ಚಳಿಗಾಲದಲ್ಲಿ ಮನೆ ನೋಡಲು ಹೋದರೆ ಮೊದಲು ಬೀದಿಯಾಚೆ ನಿಂತು ಮಾಡಿನ ಹಿಮವನ್ನು ನೋಡಿ, ಅಕ್ಕಪಕ್ಕದ ಮನೆಗಳ ಜೊತೆ ಹೋಲಿಸಿ. ಹಿಮ ಬಿದ್ದ ಎರಡು ಮೂರು ದಿನದ ಮೇಲೆ ನೋಡಿದರೆ ಎಲ್ಲಿ ಶಾಖ ಸೋರುತ್ತಿದೆ ಎನ್ನುವುದು ಚಿತ್ರ ಬರೆದ ಹಾಗೆ ಕಾಣುತ್ತದೆ. ಕೋಲುಗಳು ಸೂರಂಚಿಗೆ ಮಾತ್ರವಲ್ಲ, ಗೋಡೆಯ ಹೊದಿಕೆಯ ನಡುವಿನಿಂದಲೋ ಸೂರಂಚಿನ ಅಡಿಭಾಗದಿಂದಲೋ ಇಳಿದಿದ್ದರೆ ನೀರು ಆಗಲೇ ಒಳಹೊಕ್ಕಿದೆ ಎಂದು ತಿಳಿಯಿರಿ. ಆಮೇಲೆ ನೆತ್ತಿಯ ಗೆರೆ. ಅದು ದಾರ ಹಿಡಿದಂತೆ ನೇರವಾಗಿರಬೇಕು. ನಡುವೆ ಬಾಗಿದ್ದರೆ ಅಟ್ಟ ಹತ್ತದೆ ಮುಂದಿನ ಮಾತು ಬೇಡ. ಒಳಗೆ ಹೊರಗೋಡೆ ತಾರಸಿಗೆ ಸೇರುವ ಮೂಲೆಗಳನ್ನೂ ಬಚ್ಚಲಿನ ತಾರಸಿಯನ್ನೂ ಬೆಳಕು ಬಿಟ್ಟು ನೋಡಿ. ಒಂದೇ ಕೋಣೆಯ ತಾರಸಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಯಾಕೆಂದು ಕೇಳಿ.

ಅಟ್ಟದಲ್ಲಿ ತೇವ ಅಳೆಯುವ ಮೀಟರ್ ಇಟ್ಟು ಓದಿಸಿ. ಮರದ ತೇವಾಂಶ ಶೇ 20 ದಾಟಿ ಹಾಗೆಯೇ ನಿಂತರೆ ಶಿಲೀಂಧ್ರ, ಕೊಳೆತದ ಅಪಾಯ ಶುರು. ಶಾಖ ತೋರಿಸುವ ಕ್ಯಾಮೆರಾ ಇರುವ ತನಿಖೆಯವರು ಸಿಕ್ಕರೆ ಚಳಿಗಾಲವೇ ಅದಕ್ಕೆ ಒಳ್ಳೆಯ ಕಾಲ. ಒಳಗೂ ಹೊರಗೂ ತಾಪಮಾನದ ಅಂತರ ಹೆಚ್ಚಿದ್ದಷ್ಟು ಸೋರಿಕೆ ಚೆನ್ನಾಗಿ ಕಾಣುತ್ತದೆ. ನೋಡಿ, ಹಿಮದ ಕಾರಣಕ್ಕೆ ನೋಡಲಾಗಲಿಲ್ಲ ಎಂದವರಿಗೆ ಅದೇ ಹಿಮ ಎಷ್ಟು ತೋರಿಸುತ್ತಿತ್ತು!

ಭಾರದ ಮಾತೂ ಇದೆ. ಆಗ ತಾನೆ ಬಿದ್ದ ಹಗುರ ಹಿಮ ಒಂದು ಘನ ಮೀಟರಿಗೆ 100 ಕೆಜಿಯೊಳಗೆ ಇರಬಹುದು. ಕೂತು ಒದ್ದೆಯಾದದ್ದು 400 ಕೆಜಿ ಮುಟ್ಟಬಹುದು. ಅಂದರೆ ನೋಡಲು ಒಂದೇ ತೆರನಾದ 30 ಸೆಂಟಿಮೀಟರ್ ಹಿಮ, ಚದರ ಮೀಟರಿಗೆ 30 ಕೆಜಿಯೂ ಆಗಬಹುದು, 120 ಕೆಜಿಯೂ ಆಗಬಹುದು. ಗಟ್ಟಿಮುಟ್ಟಾದ ಮಾಡು ಇದನ್ನು ತಡೆಯುವಂತೆಯೇ ಕಟ್ಟಿರುತ್ತದೆ. ನನಗೆ ಹೆದರಿಕೆ ಹುಟ್ಟಿಸಿದ್ದು ವರ್ಷಗಟ್ಟಲೆ ತೇವ ಕುಡಿದ ಮರ. 2006ರ ಜನವರಿ 2ರಂದು ಜರ್ಮನಿಯ ಬಾಡ್ ರೈಖೆನ್‌ಹಾಲ್‌ನಲ್ಲಿ ಐಸ್ ಸ್ಕೇಟಿಂಗ್ ಸಭಾಂಗಣದ ಛಾವಣಿ ಹಿಮದ ಅಡಿಯಲ್ಲಿ ಕುಸಿದು 15 ಮಂದಿ ಸತ್ತರು. ಮರದ ತೊಲೆಗಳನ್ನು ಕೂಡಿಸಿದ್ದ ಅಂಟು ವರ್ಷಗಳ ತೇವಕ್ಕೆ ಶಕ್ತಿ ಕಳೆದುಕೊಂಡಿತ್ತು. ನಮ್ಮದು ಸಣ್ಣ ಮನೆ, ಹೋಲಿಕೆ ದೊಡ್ಡದಾಯಿತು ಎನಿಸಬಹುದು. ಆದರೆ ಸ್ಕ್ರೂಡ್ರೈವರ್ ಹಲಗೆಯೊಳಗೆ ಇಳಿದದ್ದನ್ನು ಕಂಡ ರಾತ್ರಿ ಆ ಕೋಣೆಯಲ್ಲಿ ಮಗಳನ್ನು ಮಲಗಿಸಲು ನನಗೆ ಮನಸ್ಸಾಗಲಿಲ್ಲ.

ಈಗಾಗಲೇ ಇಂಥ ಮನೆಯಲ್ಲಿದ್ದು ಈ ವಾರ ಸೋರುತ್ತಿದ್ದರೆ, ಕೊಡಲಿ ಸುತ್ತಿಗೆ ಹಿಡಿದು ಒಡ್ಡು ಒಡೆಯಲು ಹೋಗಬೇಡಿ, ಮಂಜುಗಡ್ಡೆಯ ಜೊತೆ ಶಿಂಗಲ್ಸ್ ಕೂಡ ಕಿತ್ತು ಬರುತ್ತವೆ. ಮೇಲೆ ಹತ್ತಲೂ ಬೇಡಿ. ಉದ್ದ ಹಿಡಿಯ ಹಿಮದ ಕುಂಟೆ ಸಿಗುತ್ತದೆ, ನೆಲದ ಮೇಲೇ ನಿಂತು ಸೂರಂಚಿನಿಂದ ಕೆಲವು ಅಡಿ ಹಿಮ ಎಳೆದರೆ ಒಡ್ಡಿಗೆ ಆಹಾರ ನಿಲ್ಲುತ್ತದೆ. ಕೊನೆಯ ಒಂದೆರಡು ಇಂಚು ಬಿಡಿ, ಶಿಂಗಲ್ಸ್ ಕೆರೆಯಬೇಡಿ. ಬಚ್ಚಲಿನ ಫ್ಯಾನಿನ ಕೊಳವೆ ಹೊರಗೆ ಹೋಗಿದೆಯೇ ಎಂದು ಇವತ್ತೇ ನೋಡಿ.

ರಿಪೇರಿಯ ಕ್ರಮ ತಪ್ಪಿದರೆ ದುಡ್ಡು ಎರಡು ಸಲ ಹೋಗುತ್ತದೆ. ಮೊದಲು ತಾರಸಿಯ ಸಂದುಗಳನ್ನು ಮುಚ್ಚಬೇಕು: ದೀಪ, ಕೊಳವೆ, ತಂತಿ ಹಾಯುವ ತೂತುಗಳು, ಅಟ್ಟದ ಮುಚ್ಚಳದ ಅಂಚು. ಆಮೇಲೆ ಗಾಳಿಕಂಡಿಗಳನ್ನು ಬಿಡಿಸಿ ಇನ್ಸುಲೇಶನ್ ಹಾಸಬೇಕು. ಛಾವಣಿ ಕೊನೆಗೆ. ಕೆಳಗಿನದು ಸರಿಮಾಡದೆ ಹೊಸ ಛಾವಣಿ ಹಾಕಿಸಿದರೆ ಹೊಸದರ ಮೇಲೂ ಅದೇ ಒಡ್ಡು ಕಟ್ಟುತ್ತದೆ.

ಕರಾರಿನ ವಿಷಯ. ಹಿಮದ ಕಾರಣಕ್ಕೆ ಛಾವಣಿ ತನಿಖೆ ಬಿಟ್ಟುಹೋದರೆ, ಹಿಮ ಕರಗಿದ ಮೇಲೆ ಮತ್ತೆ ತನಿಖೆ ನಡೆಯಬೇಕು, ಅಲ್ಲಿಯವರೆಗೆ ಒಂದಿಷ್ಟು ಮೊತ್ತ ಮೂರನೆಯವರ ಬಳಿ ತಡೆಹಿಡಿಯಬೇಕು ಎಂದು ಬರೆಸಿ. ಮಾರುವವರು ಒಪ್ಪದಿದ್ದರೆ ಅದೂ ಒಂದು ಉತ್ತರವೇ. ವಿಮೆಯನ್ನು ನಂಬಿ ಕೂರಬೇಡಿ. ಹಳೆಯದಾಗಿ ಸವೆದದ್ದು, ಮೊದಲಿನಿಂದಲೇ ಕೊಳೆಯುತ್ತ ಬಂದದ್ದು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುವುದಿಲ್ಲ. ನಮಗೂ ಬರಲಿಲ್ಲ.

ತನಿಖೆಯವರು ಅಟ್ಟ ಯಾಕೆ ಹತ್ತಲಿಲ್ಲ ಎಂದು ಆಮೇಲೆ ಫೋನ್ ಮಾಡಿ ಕೇಳಿದೆ. ವರದಿಯ ಇನ್ನೊಂದು ಪುಟದಲ್ಲಿ ಅದಕ್ಕೂ ಒಂದು ಸಾಲಿತ್ತು, ನಾನು ಗಮನಿಸಿರಲಿಲ್ಲ: "ಮುಚ್ಚಳದ ಕೆಳಗೆ ಸಾಮಾನು ಇದ್ದುದರಿಂದ ಪ್ರವೇಶ ಸಾಧ್ಯವಾಗಲಿಲ್ಲ." ಮುಚ್ಚಳ ಇರುವುದು ಮಲಗುವ ಕೋಣೆಯ ಬಟ್ಟೆ ಕಪಾಟಿನ ಒಳಗೆ. ಅಂದು ಅದರ ಕೆಳಗೆ ಮಾರುವವರ ನಾಲ್ಕು ರಟ್ಟಿನ ಡಬ್ಬಿಗಳಿದ್ದವು. ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ.