ಕಾಮೆಟ್, ಇಗ್ನಿಸ್, ಮತ್ತ ನಮ್ಮಾಕಿಯ ಹಳೇ ಆಕ್ಟಿವಾ

ನಮ್ಮಾಕಿ ಹನ್ನೆರಡು ವರ್ಷದಿಂದ ಪುಣೆದಾಗ ಆಕ್ಟಿವಾ ಹೊಡೀತಾಳ. ಮನಿ ಬಾವ್ಧನ್, ಆಫೀಸು ಏರಂಡವಣೆ, ದಿನಾ ಹೋಗಿ ಬರೂದು ಸುಮಾರು 20 ಕಿ.ಮೀ. ಈ ಜುಲೈದಾಗ ಒಂದಿನ ಚಾಂದನಿ ಚೌಕದಾಗ ಮಳಿಗೆ ಸಿಕ್ಕು ಮನಿಗೆ ಬಂದು ಬ್ಯಾಗ್ ಡಬ್ಬ ಹಾಕಿದ್ರ ಊಟದ ಡಬ್ಬಿ, ಛಾರ್ಜರು, ಅರ್ಧ ಲೀಟರ್ ನೀರು ಎಲ್ಲಾ ಕೂಡೇ ಬಿತ್ತು. ಅವತ್ತು ರಾತ್ರಿನ ನಾ ನಿರ್ಧಾರ ಮಾಡಿದೆ, ಈಕಿಗೊಂದು ಸಣ್ಣ, ಛಂದಂದು ಕಾರ್ ಕೊಡಿಸಬೇಕು. ಮನ್ಯಾಗ ನಂದೊಂದು ದೊಡ್ಡ ಡೀಸಲ್ ಗಾಡಿ ಅದ, ಅದು ಆಕಿಗೆ ಆಗಂಗಿಲ್ಲ ಅಂತ ನಾನ ಅನ್ಕೊಂಡಿದ್ದೆ (ಇದನ್ನ ನೆನಪಿಟ್ಕೊಳ್ರಿ, ಆಮ್ಯಾಲೆ ಬರ್ತದ).

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಎಂಜಿ ಕಾಮೆಟ್. 2023ರಾಗ ಬಂದ ಗಾಡಿ, ಪೂರಾ ಕರೆಂಟಿನ ಮ್ಯಾಲೆ, ಉದ್ದ 3 ಮೀಟರ್ ಸೈತ ಇಲ್ಲ, 2974 ಮಿ.ಮೀ. ಒಳಗ ಕುಂತ್ರ ಅಷ್ಟು ಸಣ್ಣ ಅನ್ಸೂದಿಲ್ಲ, ಎದುರಿಗೆ 10.25 ಇಂಚಿನ ಎರಡು ಸ್ಕ್ರೀನ್, ಗೇರ್ ಅಂದ್ರ ತಿರುವೋ ಒಂದು ಗುಂಡಿ ಅಷ್ಟ. ಕರ್ವೆ ರೋಡಿನಾಗ ಸಂಜಿ ಆರಕ್ಕ ಹೊಡದೆ, ಸಪ್ಪಳ ಇಲ್ಲ, ಕ್ಲಚ್ ಇಲ್ಲ, ರಿಕ್ಷಾ ತಿರುಗೋ ಜಾಗದಾಗ ಯೂ ಟರ್ನ್. ನಾ ಅಲ್ಲೇ ಬಿದ್ದೆ. ಆದ್ರ ಟೆಸ್ಟ್ ಡ್ರೈವಿಗೆ ನಮ್ಮ ಅತ್ತಿಯವರೂ ಬಂದಿದ್ರು, ಅದೇ ಎಡವಟ್ಟಾತು. ಕಾಮೆಟ್ಟಿಗೆ ಬಾಗಲಾ ಎರಡ, ಹಿಂದ ಕೂಡಬೇಕಂದ್ರ ಮುಂದಿನ ಸೀಟ್ ಮಡಚಿ ನುಸುಳಬೇಕು. ಅತ್ತಿಯವರು ಇಳಕಲ್ ಸೀರಿ ನಿರಗಿ ಒಂದು ಕೈಯಾಗ ಹಿಡದು ಒಂದು ಕಾಲು ಒಳಗಿಟ್ರು, ಇನ್ನೊಂದು ಕಾಲಿನ ಚಪ್ಪಲಿ ರಸ್ತೆ ಮ್ಯಾಲೆ ಉಳೀತು, ಶೋರೂಮಿನ ಹುಡುಗ ಅದನ್ನ ಎತ್ತಿಕೊಂಡು ಹಿಂದ ನಿಂತ. ಹೋಗೂದೇನೋ ಹೋದ್ರು. ಇಳಿಯೋವಾಗ ಮೊಣಕಾಲು ಹಿಡಕೊಂಡು, "ಒಳಗ ಹಾಕೂದು ಸಲೀಸದ ಬಿಡಪ್ಪಾ, ಹೊರಗ ತಗಿಯೂದಕ್ಕ ನಾಲ್ಕು ಮಂದಿ ಬೇಕು" ಅಂದ್ರು. ನಮ್ಮಾಕಿ ಏನೂ ಅನ್ಲಿಲ್ಲ, ಅಂದ್ರ ಕಾಮೆಟ್ ಅರ್ಧ ಹೋತು ಅಂತನ ಅರ್ಥ.

ಇನ್ನರ್ಧ ಹೋದದ್ದು ಪಾರ್ಕಿಂಗಿನಾಗ. ನಮ್ಮ ಸೊಸೈಟಿದಾಗ ನಮಗ ಸಿಕ್ಕ ಎರಡನೇ ಜಾಗ ಪಿಲ್ಲರಿಗೂ ನೀರಿನ ಟಾಕಿ ಗ್ವಾಡಿಗೂ ನಡುವ, ಟೇಪ್ ಹಿಡದು ಅಳದೆ, ಬರೇ 2.2 ಮೀಟರ್ ಅಗಲ. ಕಾಮೆಟ್ 1505 ಮಿ.ಮೀ., ನಾವು ನೋಡಿದ ಇನ್ನೊಂದು ಗಾಡಿ, ಮಾರುತಿಯ ಪೆಟ್ರೋಲ್ ಇಗ್ನಿಸ್, 1690, ಹಂಗಾಗಿ ಕಾಮೆಟ್ ಗೆದ್ದಂಗ ಅಂತ ನಾ ಖುಷಿ ಆಗಿದ್ದೆ. ಆದ್ರ ಎರಡೇ ಬಾಗಲಾ ಇದ್ದ ಗಾಡಿಗೆ ಒಂದೊಂದು ಬಾಗಲಾ ಭಾಳ ಉದ್ದ ಇರ್ತದ, ಉಳಿದ ಆ 185 ಮಿ.ಮೀ. ಲಾಭ ಬಾಗಲಾ ತಗಿಯೂದ್ರಾಗ ಹೆಚ್ಚೂ ಕಮ್ಮಿ ಕರಗೇ ಹೋಗ್ತದ. ಅದರ ಮ್ಯಾಲೆ ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ನಮ್ಮ ಮೀಟರಿನಿಂದ ವಾಯರ್ ಎಳೀಬೇಕಂದ್ರ ಕಮಿಟಿ ಪರವಾನಗಿ ಬೇಕು, ಕಮಿಟಿಯವರು "ಮುಂದಿನ ಮೀಟಿಂಗಿನಾಗ ನೋಡೋಣ" ಅಂತಾರ, ಆ ಮುಂದಿನ ಮೀಟಿಂಗ್ ಎರಡು ತಿಂಗಳಿಂದ ಮುಂದೇ ಅದ. ಮನಿ ಪ್ಲಗ್ ಇಲ್ಲದೇ ಈ ಗಾಡಿ ತಗೊಳ್ಳೂದು ಶುದ್ಧ ಹುಚ್ಚುತನ, ಯಾಕಂದ್ರ ಇದಕ್ಕ ಹೊರಗಿನ ಸ್ಟೇಷನ್ನಿನಾಗ ಲಗೂನ ತುಂಬೋ ಡಿಸಿ ಫಾಸ್ಟ್ ಚಾರ್ಜಿಂಗ್ ಇಲ್ಲ, 3.3 ಕಿಲೋವ್ಯಾಟ್ ಚಾರ್ಜರಿಗೆ ಪೂರಾ ತುಂಬಲಿಕ್ಕೆ ಏಳು ತಾಸು ಬೇಕು. ಹುಬ್ಬಳ್ಳಿಗೆ ಇದರಾಗ ಹೋಗಲಿಕ್ಕೆ ಆಗಂಗಿಲ್ಲಲ್ಲ ಅಂತ ಎಲ್ಲಾರೂ ಕೇಳ್ತಾರ. ಊರಿಗೆ ಹೋಗ್ಲಿಕ್ಕೆ ಡೀಸಲ್ ಗಾಡಿ ಅದ ಅಲ್ರಿ, ಅದು ಪ್ರಶ್ನೇನ ಅಲ್ಲ.

ಇಗ್ನಿಸ್ ಆಕಿ ಆರಿಸಿದ್ದು. 2017ರಿಂದ ಬರ್ತಿರೋ ಗಾಡಿ, ಹಳೇದಾತು ಅಂತಾರ, ಆದ್ರ ಕಿತ್ತಳೆ ಬಣ್ಣ, ಕರೇ ಛತ್ತು, ಹಿಂದಿನ ಕಂಬದ ಮ್ಯಾಲೆ ಬೆಕ್ಕು ಪರಚಿದಂಗ ಮೂರು ಗೆರಿ, ಪುಣೆ ರಸ್ತೆದಾಗಿನ ಬಿಳೇ ಗಾಡಿ ಸಾಲಿನಾಗ ಬರೋಬ್ಬರಿ ಎದ್ದು ಕಾಣ್ತದ. 1197 ಸಿಸಿ, ನಾಲ್ಕು ಸಿಲಿಂಡರು, ನೆಲದಿಂದ 180 ಮಿ.ಮೀ. ಎತ್ತರ, ನಮ್ಮ ಗಲ್ಲಿಯ ಸ್ಪೀಡ್ ಬ್ರೇಕರ್ ದಾಟೂದಕ್ಕ ಸಾಕು. ಅತ್ತಿಯವರು ಕುರ್ಚಿ ಮ್ಯಾಲೆ ಕೂತಂಗ ಕೂತ್ರು. ಎಎಂಟಿ, ಅಂದ್ರ ಕ್ಲಚ್ ಇಲ್ಲದ, ಗೇರ್ ತಾನ ಬೀಳೋ ಗಾಡಿ ತಗೊಂಡು ಕೋಥ್ರೂಡಿನಿಂದ ಚಾಂದನಿ ಚೌಕದ ಏರು ಹತ್ತಿಸಿದ್ವಿ. ಎಲ್ಲಾ ಎಎಂಟಿಗೂ ಇರೋ ಚಾಳಿ ಇದಕ್ಕೂ ಅದ, ಒಂದರಿಂದ ಎರಡಕ್ಕ ಬೀಳೋವಾಗ ತೂಕಡಿಸೋರ ತಲಿ ಮುಂದ ಬಗ್ಗಿದಂಗ ಗಾಡಿ ಒಮ್ಮೆ ಬಗ್ತದ. ನನಗ ಅದು ಕಿರಿಕಿರಿ. ಆಕಿ ಎರಡೇ ನಿಮಿಷಕ್ಕ ಗೇರ್ ಬೀಳೂ ಹೊತ್ತಿಗೆ ಆಕ್ಸಿಲರೇಟರ್ ಸ್ವಲ್ಪ ಬಿಡೂದು ಕಲ್ತುಬಿಟ್ಲು, "ಆಕ್ಟಿವಾಕ್ಕ ಇದಕ್ಕಿಂತ ಹೆಚ್ಚು ರಮಿಸಬೇಕು" ಅಂದ್ಲು. ಇಷ್ಟೆಲ್ಲಾ ಆಕಿ ಹೊಡೀತಿದ್ರೂ ಸೇಲ್ಸ್ ಹುಡುಗ ಹಿಂದಿನ ಸೀಟಿನ್ಯಾಗಿಂದ ಮೈಲೇಜು, ಲೋನು ಎಲ್ಲಾ ನನಗ ಹೇಳಾಕತ್ತಿದ್ದ, ಆಕಿಗೆ ಹೇಳಿದ್ದು ಒಂದೇ, ಸನ್ ವೈಸರಿನಾಗ ಕನ್ನಡಿ ಅದ ಅಂತ.

ನನಗ ಇಗ್ನಿಸ್ಸಿನಾಗ ಕುಟುಕೂದು ಒಂದು ಮಾತು. ಗಾಡಿ ಡಿಕ್ಕಿ ಹೊಡಿಸಿ ಸುರಕ್ಷತೆ ನೋಡೋ 2022ರ ಗ್ಲೋಬಲ್ ಎನ್‌ಕ್ಯಾಪ್ ಟೆಸ್ಟಿನಾಗ ಅದಕ್ಕ ಐದರಾಗ ಸಿಕ್ಕಿದ್ದು ಒಂದೇ ಸ್ಟಾರ್. ಹುಬ್ಬಳ್ಳಿಯ ಅಳಿಯ್ಯಾ, ಅಂದ್ರ ಆಕಿ ತಮ್ಮ, ದಿನಾ ಫೋನ್ ಮಾಡಿ ಟಾಟಾ ಪಂಚ್ ತಗೋರಿ ಮಾಮಾ, 2021ರಾಗ ಐದು ಸ್ಟಾರ್ ಬಂದದ ಅಂತಾನ. ಮಾತು ಖರೇನ. ಆದ್ರ ಆಕಿ ಫೋಟೋ ನೋಡಿ "ಇದೂ ನಿಮ್ಮ ಡೀಸಲ್ ಗಾಡಿ ಮರೀನ ಅದ" ಅಂದು ಮುಗಿಸಿಬಿಟ್ಲು.

ರೊಕ್ಕದ ಲೆಕ್ಕ ಹಿಂಗ ಹಾಕಿದೆ. ವರ್ಷಕ್ಕ 6,000 ಕಿ.ಮೀ., ಪೆಟ್ರೋಲ್ 104ರ ಆಸುಪಾಸು, ಊರಾಗ 15ರ ಮೈಲೇಜ್ ಹಿಡದ್ರ ಇಗ್ನಿಸ್ಸಿಗೆ 41 ಸಾವಿರ ಚಿಲ್ಲರೆ. ಕಾಮೆಟ್ಟಿನ ಬ್ಯಾಟರಿ 17.3 ಯೂನಿಟ್ಟಿಂದು, ಯೂನಿಟ್ಟಿಗೆ 9 ಕಿ.ಮೀ., 12 ರೂಪಾಯಿ ಹಿಡದ್ರ 8 ಸಾವಿರ. ಮಹಾರಾಷ್ಟ್ರದಾಗ 10 ಲಕ್ಷದ ಒಳಗಿನ ಪೆಟ್ರೋಲ್ ಕಾರಿಗೆ 11 ಪರ್ಸೆಂಟ್ ರೋಡ್ ಟ್ಯಾಕ್ಸ್ ಬ್ಯಾರೆ, ಕರೆಂಟಿನ ಗಾಡಿಗೆ ಮಾಫಿ. ಸೆಪ್ಟೆಂಬರ್ 22, 2025ಕ್ಕ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 28ರಿಂದ 18ಕ್ಕ ಇಳದದ್ದಕ್ಕ ಅಂತರ ಸ್ವಲ್ಪ ಕಮ್ಮಿ ಆತು, ಅಷ್ಟ. ಆಕ್ಟಿವಾ? ವರ್ಷಕ್ಕ 14 ಸಾವಿರ, ಮ್ಯಾಲಾಗಿ ಲಕ್ಷ್ಮೀ ರೋಡಿನಾಗ ಪಾರ್ಕಿಂಗಿನ ಪಿ1, ಪಿ2 ಬೋರ್ಡ್ ನೋಡಿ ಇವತ್ತು ಸಮ ತಾರೀಖೋ ಬೆಸ ತಾರೀಖೋ ಅಂತ ಎಣಿಸಿ ಎರಡು ಗಾಡಿ ನಡುವ ತುರುಕಿ ತುಳಶೀಬಾಗ್ ಪ್ಯಾಟಿಗೆ ಹೋಗಿಬಿಡಬಹುದು. ಆ ವಿಷಯದಾಗ ಯಾವ ಕಾರೂ ಅದರ ಹತ್ರ ಬರೂದಿಲ್ಲ.

ಈ ಲೆಕ್ಕದ ಕಾಗದ ಆಕಿ ಮುಂದಿಟ್ಟೆ. ಪೂರಾ ಓದಿದ್ಲು. ಓದಿ, "ರೀ, ಇದರಾಗ ನಿಮ್ಮ ಗಾಡಿ ಯಾಕ ಬರ್ದಿಲ್ಲ?" ಅಂದ್ಲು.

"ಅದು ದೊಡ್ಡದಲ್ಲ, ನಿನಗ..."

"ನೀವು ಯಾವಾಗರೆ ಕೀಲಿಕೈ ಕೊಟ್ಟೀರೇನು?"

ಕೊಟ್ಟಿದ್ದಿಲ್ಲ. ಹಂಗಾಗಿ ಒಂದು ತಿಂಗಳ ಅದಲಾಬದಲಿ, ಆಕಿಗೆ ಡೀಸಲ್ ಗಾಡಿ, ನನಗ ಆಕ್ಟಿವಾ, ಆಮ್ಯಾಲೆ ಇಗ್ನಿಸ್ ಬೇಕೋ ಬ್ಯಾಡೋ ಹೇಳ್ತೀನಿ ಅಂದ್ಲು. ಇವತ್ತಿಗೆ ಹತ್ತೊಂಬತ್ತು ದಿನ. ಪಿಲ್ಲರಿಗೆ ಒಮ್ಮೆ ತಾಗಿಸ್ಯಾಳ, ಬಂಪರಿನ ಅದೇ ಮೂಲಿಗೆ ನಾ ಎರಡು ಸಲ ತಾಗಿಸೀನಿ. ನಿನ್ನೆ ಸಂಜಿಗೆ ಪರತೀಚಾ ಪಾವುಸ್, ಅಂದ್ರ ಮುಂಗಾರು ಹೊಳ್ಳಿ ಹೋಗೋವಾಗಿನ ಮಳಿ, ಸುರು ಆತು, ಕರ್ವೆ ಪುತ್ಥಳಿ ಹತ್ರ ಒಂದು ಅಂಗಡಿ ಛತ್ತಿನ ಕೆಳಗ ಆಕ್ಟಿವಾ ನಿಂದ್ರಿಸಿ ನಿಂತಿದ್ದೆ, ಶೋರೂಮಿನ ಹುಡುಗ ಫೋನ್ ಮಾಡಿದ, "ಸರ್, ಮ್ಯಾಡಮಚ್ಯಾ ಗಾಡೀಚಂ ಕಾಯ್ ಝಾಲಂ?" (ಮ್ಯಾಡಮ್ ಗಾಡಿದು ಏನಾತು?) ಅಂತ. ಮ್ಯಾಡಮ್ ನಂಬರ್ ಕೊಟ್ಟೆ, ಅವರನ್ನ ಕೇಳು ಅಂದೆ, ಫೋನ್ ಕಿಸೆದಾಗ ಇಡಬೇಕಂದ್ರ ಕಿಸೆ ತುಂಬ ನೀರು.