ಕ್ರೂಸ್‌ಗೆ ಟ್ರೈಪಾಡ್ ಹೊರಬೇಕೆ? ಕಾರ್ಬನ್ ಟ್ರಾವೆಲ್ ಟ್ರೈಪಾಡ್, ಐದು ವರ್ಷದ ಬಳಕೆಯ ನಂತರ

ಮಡಿಚಿದಾಗ 40 ಸೆಂ.ಮೀ., ತೂಕ 1.3 ಕೆ.ಜಿ. ನಡುಗಂಬ ಎತ್ತದೆ 130 ಸೆಂ.ಮೀ. ಎತ್ತರ, ಎತ್ತಿದರೆ 150. ಕಾಲೊಂದಕ್ಕೆ ಐದು ಭಾಗ, ಕ್ಲಿಪ್ ಲಾಕ್. ಈ ಅಳತೆಯ ಕಾರ್ಬನ್ ಟ್ರೈಪಾಡ್‌ಗಳು ಹಲವು ಕಂಪನಿಗಳಲ್ಲಿ ಸಿಗುವುದರಿಂದ ಹೆಸರಿಗಿಂತ ಅಳತೆಯೇ ಮುಖ್ಯ. ನೆಲದ ಮೇಲೆ ಇದಕ್ಕೆ ಐದಕ್ಕೆ ನಾಲ್ಕೂವರೆ ಅಂಕ. ಸಾಗುತ್ತಿರುವ ಹಡಗಿನ ಮೇಲೆ ಎರಡೇ. ಅಂಕ ಕಳೆದದ್ದರಲ್ಲಿ ಟ್ರೈಪಾಡಿನ ತಪ್ಪೇನೂ ಇಲ್ಲ. ಊರಿದ ನೆಲವೇ ಓಡುತ್ತಿದ್ದರೆ ಮೂರು ಕಾಲು ಏನು ಮಾಡೀತು?

ಲೆಕ್ಕ ಹಾಕಿ ನೋಡಿ. 20 ನಾಟ್ ವೇಗದ ಹಡಗು ಸೆಕೆಂಡಿಗೆ ಸುಮಾರು 10 ಮೀಟರ್ ಸಾಗುತ್ತದೆ. ಅರ್ಧ ಸೆಕೆಂಡ್ ಶಟರ್ ತೆರೆದಿಟ್ಟರೆ ಕ್ಯಾಮೆರಾ 5 ಮೀಟರ್ ಮುಂದೆ ಹೋಗಿರುತ್ತದೆ. ಹಡಗಿನ ಪಕ್ಕಕ್ಕೆ 2 ಕಿ.ಮೀ. ದೂರದಲ್ಲಿರುವ ಬೆಟ್ಟ 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ, 24 ಎಂ.ಎಂ. ಲೆನ್ಸಿನಲ್ಲಿ, ಹತ್ತು ಪಿಕ್ಸೆಲ್ (ಚಿತ್ರದ ಚುಕ್ಕಿ) ಎಳೆದುಕೊಂಡು ಮಸುಕಾಗುತ್ತದೆ, 200 ಎಂ.ಎಂ.ನಲ್ಲಿ ಎಂಬತ್ತಕ್ಕೂ ಹೆಚ್ಚು. ಶಟರನ್ನು 1/250 ಸೆಕೆಂಡಿಗೆ ಏರಿಸಿದರೆ 200 ಎಂ.ಎಂ.ನಲ್ಲೂ ಎಳೆತ ಒಂದು ಪಿಕ್ಸೆಲ್ ದಾಟದು. ಆದರೆ 1/250ಕ್ಕೆ ಟ್ರೈಪಾಡ್ ಯಾಕೆ ಬೇಕು, ಕೈಯೇ ಸಾಕಲ್ಲ!

ಓಲಾಟದ ಲೆಕ್ಕ ಬೇರೆ. ಹಡಗು 16 ಸೆಕೆಂಡಿಗೊಮ್ಮೆ ಎಡಕ್ಕೊಂದು ಡಿಗ್ರಿ, ಬಲಕ್ಕೊಂದು ಡಿಗ್ರಿ ವಾಲಿದರೆ (ಊಟದ ಮೇಜಿನಲ್ಲಿ ಯಾರಿಗೂ ಗೊತ್ತಾಗದಷ್ಟು ಕಡಿಮೆ ಇದು) ಅದೇ 24 ಎಂ.ಎಂ.ನಲ್ಲಿ ಒಂದು ಸೆಕೆಂಡಿಗೆ 25 ಪಿಕ್ಸೆಲ್‌ಗೂ ಮೀರಿದ ಎಳೆತ. ಎಳೆತ ಇಷ್ಟಾಗುವುದು ಹಡಗು ನೇರ ನಿಂತ ಸ್ಥಿತಿಯನ್ನು ದಾಟುವಾಗ. ಒಂದು ಕಡೆಗೆ ಪೂರ್ತಿ ವಾಲಿ ಹಿಂದಿರುಗುವ ಕ್ಷಣದಲ್ಲಿ ಓಲಾಟದ ವೇಗ ಸೊನ್ನೆಗೆ ಇಳಿಯುತ್ತದೆ. ದಿಗಂತದ ಗೆರೆಯನ್ನು ಡೆಕ್ಕಿನ ಅಂಚಿನ ಕಂಬಿಗೆ ಹೋಲಿಸಿ ನೋಡುತ್ತಾ, ಅದು ನಿಂತಂತೆ ಕಂಡಾಗ ಕ್ಲಿಕ್ಕಿಸಬೇಕು. ಐದಾರು ಚಿತ್ರ ತೆಗೆದರೆ ಒಂದೆರಡಾದರೂ ಕೈಗೆ ಹತ್ತುತ್ತವೆ.

ಮೂರನೆಯದು ಎಂಜಿನ್ನಿನ ನಡುಕ. ಹಿಂಬದಿಯ ಡೆಕ್‌ಗಳಲ್ಲಿ, ಪ್ರೊಪೆಲರ್ ಮೇಲೆ, ಇದು ಜಾಸ್ತಿ. ನಿಂತ ಮನುಷ್ಯನ ಮೊಣಕಾಲು ಆ ನಡುಕವನ್ನು ನುಂಗುತ್ತದೆ, ಟ್ರೈಪಾಡಿನ ಕಾಲು ನೇರ ಕ್ಯಾಮೆರಾಗೆ ಮುಟ್ಟಿಸುತ್ತದೆ. ಬಾಲ್ಕನಿಯ ಮೇಜಿನ ಮೇಲೆ ಲೋಟದಲ್ಲಿ ನೀರಿಟ್ಟು ನೋಡಿ: ಮೇಲ್ಮೈಯಲ್ಲಿ ಸಣ್ಣ ಅಲೆ ಕಂಡರೆ ಅಲ್ಲಿ ಟ್ರೈಪಾಡ್ ಬಿಚ್ಚುವುದು ದಂಡ. ಅಂಥ ಕಡೆ ಕೋಣೆಯ ಟವೆಲನ್ನು ನಾಲ್ಕು ಮಡಿಕೆ ಮಾಡಿ ಕಂಬಿಯ ಮೇಲಿಟ್ಟು, ಸ್ಟ್ರಾಪ್ ಕೊರಳಲ್ಲಿರಿಸಿಕೊಂಡು, ಲೆನ್ಸನ್ನು ಅದರ ಮೇಲೆ ಊರಿ, ಕೈನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಆನ್ ಮಾಡಿಟ್ಟರೆ 1/15ರವರೆಗೂ ಧಾರಾಳವಾಗಿ ಇಳಿಯಬಹುದು. ಹಡಗು ಬಂದರಿನಲ್ಲಿ ಕಟ್ಟಿ ನಿಂತು, ಕ್ಯಾಮೆರಾ ಟ್ರೈಪಾಡ್ ಮೇಲಿದ್ದರೆ ಮಾತ್ರ ಸ್ಟೆಬಿಲೈಸೇಶನ್ ಆಫ್ ಮಾಡಿ.

ಹಾಗಾದರೆ ಮನೆಯಲ್ಲೇ ಬಿಡುವುದೇ? ಪ್ರಯಾಣದ ವೇಳಾಪಟ್ಟಿಯಲ್ಲಿ ಹಡಗು ಪ್ರತಿ ಬಂದರಿನಿಂದ ಹೊರಡುವ ಹೊತ್ತನ್ನು, ಆ ಊರಿನ ಸೂರ್ಯಾಸ್ತದ ಪಕ್ಕ ಬರೆದುಕೊಳ್ಳಿ. ಎಲ್ಲ ಕಡೆ ಸಂಜೆ ಐದಾರಕ್ಕೇ ಹಗ್ಗ ಬಿಚ್ಚುತ್ತಾರೆಂದರೆ ಟ್ರೈಪಾಡಿಗೆ ಕೆಲಸವಿಲ್ಲ. ಜೂನ್ ತಿಂಗಳ ಅಲಾಸ್ಕಾಗೂ ಬೇಡ. ಅಲ್ಲಿನ ಜುನೋದಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಹೊತ್ತಿಗೆ. ಅಲ್ಲಿನದೇ ಗ್ಲೇಸಿಯರ್ ಬೇ ಕೊಲ್ಲಿಯಲ್ಲಿ ಹಿಮನದಿಯ ಮುಂದೆ ಹಡಗು ನಿಧಾನಕ್ಕೆ ತಿರುಗುವಾಗ ಬಲಗಡೆಯಿಂದ ಎಡಗಡೆಗೆ ಜನರ ನಡುವೆ ಓಡಬೇಕು, ಮೂರು ಕಾಲು ಬಿಚ್ಚಿ ನಿಂತವರು ಅಲ್ಲೇ ಉಳಿಯುತ್ತಾರೆ. ತಿಮಿಂಗಿಲಕ್ಕೆ 400 ಎಂ.ಎಂ., 1/1600, ಕೈ ಸೋತರೆ ಅರ್ಧ ಕೆ.ಜಿ.ಯ ಒಂಟಿಕಾಲಿನ ಮಾನೋಪಾಡ್ ಸಾಕು. ಬೇಸಿಗೆಯ ನಾರ್ವೆಗೂ ಬೇಡ, ಅಲ್ಲಿನ ಟ್ರೊಮ್ಸೊದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರವರೆಗೆ ಸೂರ್ಯ ಮುಳುಗುವುದೇ ಇಲ್ಲ. ನಮ್ಮ ಲಕ್ಷದ್ವೀಪದಲ್ಲಿ ಕ್ರೂಸ್ ಹಡಗು ಹೊರಗೆ ನಿಂತು, ಸಣ್ಣ ದೋಣಿಯಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ಆ ಹತ್ತಿಳಿಯುವ ಪಾಡಿನಲ್ಲಿ ಎರಡೂ ಕೈ ಖಾಲಿ ಇರಬೇಕು.

ರಾತ್ರಿ ಬಂದರಿನಲ್ಲೇ ತಂಗುವ ಪ್ರಯಾಣವಾದರೆ ಕಣ್ಣುಮುಚ್ಚಿ ಒಯ್ಯಿರಿ. ಸಿಂಗಪುರ, ಹಾಂಗ್‌ಕಾಂಗ್, ಮಾಲ್ಟಾದ ವಲೆಟ್ಟಾದಂಥ ಕಡೆ ಮೇಲಿನ ಡೆಕ್ಕೇ ಒಂದು ಗೋಪುರ. ಕಟ್ಟಿದ ಹಡಗೂ ಹಗ್ಗದಲ್ಲಿ ತುಸು ತೂಗುತ್ತದೆ, ಆದ್ದರಿಂದ 30 ಸೆಕೆಂಡಿನ ಒಂದೇ ಚಿತ್ರದ ಬದಲು ಎರಡೆರಡು ಸೆಕೆಂಡಿನ ಎಂಟು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿ, ಸರಾಸರಿ ಮಾಡಿದರೆ ದೀಪಗಳು ಚುಕ್ಕಿಯಾಗಿಯೇ ಉಳಿಯುತ್ತವೆ.

ಚಳಿಗಾಲದ ನಾರ್ವೆಯ ಧ್ರುವಪ್ರಭೆ (ಅರೋರಾ) ಇನ್ನೊಂದು ಅಪವಾದ. ಅದು ನೂರು ಕಿ.ಮೀ.ಗೂ ಎತ್ತರದಲ್ಲಿರುವುದರಿಂದ ಹಡಗು ಮುಂದೆ ಸಾಗುವುದು ಲೆಕ್ಕಕ್ಕೇ ಬರದು, ಓಲಾಟ ಮಾತ್ರ ಕಾಡುತ್ತದೆ. 14ರಿಂದ 20 ಎಂ.ಎಂ. ಲೆನ್ಸ್, ಅದರ ಕಿಂಡಿ ಎಫ್/1.8ಕ್ಕೆ ಅಗಲ ತೆರೆದು, ಬೆಳಕಿನ ಸೂಕ್ಷ್ಮತೆ ಐಎಸ್‌ಒ 6400, ಶಟರ್ ಒಂದು ಸೆಕೆಂಡಿನ ಆಸುಪಾಸು. ನಕ್ಷತ್ರ ಕೊಂಚ ಬಾಲ ಬಿಟ್ಟರೂ ಹಸಿರು ಪರದೆ ಚೆನ್ನಾಗಿಯೇ ಬರುತ್ತದೆ.

ಬಾಲ್ಕನಿಗೆ ಬಂದರೆ, ಕಂಬಿ ಸಾಮಾನ್ಯವಾಗಿ 107 ಸೆಂ.ಮೀ. ಮೇಲೇ ಇರುತ್ತದೆ, ಅಮೆರಿಕದ ಕಾನೂನು ಕೇಳುವ 42 ಇಂಚು ಅದು. ಈ ಟ್ರೈಪಾಡಿನ 130 ಸೆಂ.ಮೀ. ಅದನ್ನು ದಾಟುತ್ತದೆ, 20 ಸೆಂ.ಮೀ.ಯ ಮೇಜಿನ ಟ್ರೈಪಾಡ್ ದಾಟದು. ಅದು ಕಂಬಿಯ ಕೆಳಗಿನ, ಉಪ್ಪಿನ ಕಲೆ ಹಿಡಿದ ಗಾಜಿನ ಹಿಂದೆಯೇ ಉಳಿಯುತ್ತದೆ. ಕಂಬಿಗೆ ಕ್ಲ್ಯಾಂಪ್ ಹಾಕಬೇಡಿ, ಜಾರಿದರೆ ಕೆಳಗಿನ ಬಾಲ್ಕನಿಯಲ್ಲಿ ಯಾರದೋ ತಲೆ. ಗಾಳಿಗೆ ಅಲುಗದಿರಲೆಂದು ನಡುಗಂಬದ ಕೊಕ್ಕೆಗೆ ಬ್ಯಾಗ್ ತೂಗುಹಾಕುವುದು ನೆಲದ ಮೇಲೆ ಸರಿ. ಇಲ್ಲಿ ಅದು ಲೋಲಕದಂತೆ ತೂಗಿ ಟ್ರೈಪಾಡನ್ನೇ ಅಲುಗಿಸುತ್ತದೆ. ಬ್ಯಾಗಿನ ತಳ ನೆಲಕ್ಕೆ ತಾಗುವಷ್ಟು ಇಳಿಸಿ.

ದಡದಲ್ಲೂ ಎಲ್ಲ ಕಡೆ ಬಿಡುವುದಿಲ್ಲ. ವ್ಯಾಟಿಕನ್ ಮ್ಯೂಸಿಯಂನಲ್ಲಿ ಟ್ರೈಪಾಡ್ ನಿಷಿದ್ಧ, ಗ್ರೀಸಿನ ಪುರಾತತ್ವ ತಾಣಗಳಲ್ಲಿ ಮೊದಲೇ ಅನುಮತಿ ಪಡೆದಿರಬೇಕು. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೇ ಹಾಕಿ, ಕ್ಯಾಮೆರಾ ಕೂರುವ ಬಾಲ್‌ಹೆಡ್‌ಗೆ ಕಾಲುಚೀಲ ಸುತ್ತಿ.

ಐದು ವರ್ಷದಲ್ಲಿ ಕಾರ್ಬನ್ ಕೊಳವೆಗೆ ಏನೂ ಆಗಿಲ್ಲ. ಸವೆದದ್ದು ಸ್ಕ್ರೂಗಳು ಮತ್ತು ಕಾರ್ಬನ್ನಿಗೆ ಅಲ್ಯೂಮಿನಿಯಂ ತಾಗುವ ಸಂದುಗಳು. ಉಪ್ಪುನೀರು ಸೇರಿದರೆ ಅಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿನ್ನಿಸಿಕೊಳ್ಳುತ್ತದೆ. ಡೆಕ್ಕಿನಿಂದ ಬಂದ ರಾತ್ರಿಯೇ ಸಿಹಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕಾಲುಗಳನ್ನು ಪೂರ್ತಿ ಎಳೆದು ಸ್ನಾನದ ಕೋಣೆಯಲ್ಲಿ ಒಣಗಲು ಬಿಡಿ. ಮಡಿಚಿಟ್ಟರೆ ತೇವ ಒಳಗೇ ಉಳಿಯುತ್ತದೆ. ಕ್ಲಿಪ್ ಸಡಿಲವಾದಾಗ ಬಿಗಿಯಲು ಬೇಕಾದ ಅಲೆನ್ ಕೀಯನ್ನು ಟ್ರೈಪಾಡಿನ ಚೀಲದಲ್ಲೇ ಇಡಿ. ನಡುಸಮುದ್ರದಲ್ಲಿ ಅದನ್ನು ಮಾರುವ ಅಂಗಡಿ ಇರುವುದಿಲ್ಲ.