ಕಡಿಮೆ ಖರ್ಚಿನಲ್ಲಿ ಉಸ್ತರಾ: ಅರ್ಧ ಬ್ಲೇಡಿನದೋ, ಚೀನಾದ್ದೋ, ಹಳೇದೋ?

ಮನೆಯಲ್ಲೇ ಉಸ್ತರಾದಿಂದ ದಾಡಿ ಮಾಡಿಕೊಳ್ಳಬೇಕು ಅನ್ನುವ ಆಸೆ ಇದ್ದು ಜೇಬು ಸಣ್ಣದಾಗಿದ್ದರೆ ಮೂರು ದಾರಿ ಇವೆ. ಕಟಿಂಗ್ ಅಂಗಡಿಯವರು ಬಳಸುವ, ಅರ್ಧ ಬ್ಲೇಡ್ ಸಿಕ್ಕಿಸುವ ಉಸ್ತರಾ. ಚೀನಾದಿಂದ ಬರುವ ಗೋಲ್ಡ್ ಡಾಲರ್ 66 ಅನ್ನುವ ಉಸ್ತರಾ. ಇಲ್ಲವೇ ಯಾರದೋ ಮನೆಯ ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೇ ಉಸ್ತರಾ. ಮೂರನ್ನೂ ಕಲಬುರಗಿಯಲ್ಲೇ, ನನ್ನ ಒರಟು ಗಡ್ಡದ ಮೇಲೆ ಬಳಸಿ ನೋಡಿದ್ದೇನೆ. ಹೊಸ ಜರ್ಮನ್ ಉಸ್ತರಾವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಜೋಲಿಂಗನ್ ಊರಿನ ಡೋವೊ ಕಂಪನಿಯದು ಇಲ್ಲಿ ಕೈಗೆ ಬರುವಷ್ಟರಲ್ಲಿ ಹತ್ತು ಸಾವಿರ ದಾಟುತ್ತದೆ.

ಅರ್ಧ ಬ್ಲೇಡಿನದು ಸೂಪರ್ ಮಾರ್ಕೆಟ್ ಕಡೆ ಸಲೂನ್ ಸಾಮಾನು ಮಾರುವ ಅಂಗಡಿಯಲ್ಲಿ ನೂರೈವತ್ತು ರೂಪಾಯಿಗೆ ಸಿಕ್ಕಿತು. ಬ್ಲೇಡಿಗೆ ಎರಡು ಮೂರು ರೂಪಾಯಿ. ಕಾಗದ ಬಿಚ್ಚದೆ ಉದ್ದಕ್ಕೆ ಮಡಚಿದರೆ ಪಟ್ಟಂತ ಎರಡಾಗುತ್ತದೆ. ಬಿಚ್ಚಿ ಮುರಿಯಲು ಹೋದರೆ ಗಡ್ಡಕ್ಕಿಂತ ಮೊದಲು ಬೆರಳು ಹೋಗುತ್ತದೆ. ಸಾಣೆ ಬೇಡ, ಅಲಗು ತೀಡುವ ಚರ್ಮದ ಪಟ್ಟಿ ಬೇಡ, ಗಿರಾಕಿಗೊಂದು ಹೊಸ ಅಲಗು. ರಕ್ತದಿಂದ ಹರಡುವ ರೋಗಗಳ ಭಯ ಬಂದ ಮೇಲೆ ಅಂಗಡಿಗಳು ಇದಕ್ಕೆ ಬದಲಾದದ್ದು ಸರಿಯೇ.

ಅಗ್ಗ ಅಂದ ಮಾತ್ರಕ್ಕೆ ಸುಲಭ ಅಂದುಕೊಳ್ಳಬೇಡಿ. ಮೂರರಲ್ಲಿ ಮುಖಕ್ಕೆ ಜಾಸ್ತಿ ಕಾಟ ಕೊಡುವುದು ಇದೇ. ಬ್ಲೇಡಿನ ದಪ್ಪ ಬರೀ 0.1 ಮಿಲಿಮೀಟರ್, ಎರಡು ಮೂಲೆಯೂ ಚೂಪು. ಹಿಡಿಕೆಯಲ್ಲಿ ತೂಕವೇ ಇಲ್ಲ, ಹಾಗಾಗಿ ಕೈ ತಾನಾಗೇ ಒತ್ತುತ್ತದೆ. ಗದ್ದದ ತಿರುವಿನಲ್ಲಿ ಒತ್ತಿದರೆ ಮುಗೀತು. ಗಂಜ್ ಕಡೆಯ ಹಳೇ ಕಟಿಂಗ್ ಅಂಗಡಿಯ ಕಾಕಾ ಹೇಳಿದ್ದು ಇಷ್ಟೇ: "ಜೋರ್ ಹಾಕಬ್ಯಾಡ್ರಿ. ಚರ್ಮ ಎಳದು ಹಿಡೀರಿ, ಅದು ತಾನೇ ಹೋಗ್ತದ." ಅಲಗನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿಯಬೇಕು. ಮೊದಲ ಸುತ್ತು ಕೂದಲು ಬೆಳೆದ ದಿಕ್ಕಿನಲ್ಲೇ ಹೋಗಬೇಕು. ಬ್ಲೇಡಿನಲ್ಲೂ ಫರಕು ಇದೆ. ಜಪಾನಿನ ಫೆದರ್ ಬಹಳ ಹರಿತ, ಶುರುವಿನಲ್ಲಿ ಅದರ ತಂಟೆ ಬೇಡ. ಕಿರಾಣಿ ಅಂಗಡಿಯ ಸಾದಾ ಬ್ಲೇಡೇ ಸಾಕು.

ಗೋಲ್ಡ್ ಡಾಲರ್ ಸಾವಿರ ಚಿಲ್ಲರೆಗೆ ಆನ್‌ಲೈನಿನಲ್ಲಿ ಬರುತ್ತದೆ. ಮುಕ್ಕಾಲು ಇಂಚು ಅಗಲದ ಅಲಗು, ಕಾರ್ಬನ್ ಉಕ್ಕು, ಕೈಗೆ ತೂಕ ಸಿಗುತ್ತದೆ. ಉಕ್ಕು ಒಳ್ಳೆಯದೇ, ಕೆಲಸ ಒರಟು. ಪೆಟ್ಟಿಗೆಯಿಂದ ತೆಗೆದು ನೇರ ಕೆನ್ನೆಗೆ ಇಟ್ಟರೆ ಅದು ಕೂದಲು ಕತ್ತರಿಸುವುದಿಲ್ಲ, ಕೀಳುತ್ತದೆ. ಹಿಡಿಕೆಯ ಹತ್ತಿರ ಅಲಗಿಗೆ ಒಂದು ದಪ್ಪ ಹೆಗಲಿದೆ. ಸಾಣೆಕಲ್ಲಿನ ಮೇಲಿಟ್ಟಾಗ ಆ ಹೆಗಲು ಕಲ್ಲು ಹತ್ತಿ ಕೂರುತ್ತದೆ, ಅಂಚು ಕಲ್ಲಿಗೆ ತಾಗುವುದೇ ಇಲ್ಲ. ಮೊದಲು ಅದನ್ನು ಸವೆಸಬೇಕು. ನನಗೆ ಈ ಕೆಲಸ ಹಿಡಿಸಿತು. ಬೆಳಗ್ಗೆ ಎದ್ದು ಸುಮ್ನೆ ದಾಡಿ ಮಾಡಿಕೊಂಡು ಆಫೀಸಿಗೆ ಹೋಗಬೇಕು ಅನ್ನುವವರಿಗೆ ಹಿಡಿಸಲಿಕ್ಕಿಲ್ಲ.

ಬ್ಲೇಡ್ ಸಿಕ್ಕಿಸದ, ತನ್ನದೇ ಅಲಗಿರುವ ಅಸಲಿ ಉಸ್ತರಾದ ಖರ್ಚು ಉಸ್ತರಾದಲ್ಲಿ ಇಲ್ಲ, ಸಾಣೆಯಲ್ಲಿದೆ. ಅಂಚು ಕೂರಿಸಲು 1000 ಗ್ರಿಟ್ ಕಲ್ಲು (ಗ್ರಿಟ್ ಅಂಕಿ ಹೆಚ್ಚಿದಷ್ಟೂ ಕಲ್ಲು ನುಣುಪು), ಆಮೇಲೆ 4000, 8000, ಕೊನೆಗೆ 12000. ನಾಲ್ಕನ್ನೂ ಒಳ್ಳೆಯ ಗುಣಮಟ್ಟದ್ದು ಕೊಂಡರೆ ಉಸ್ತರಾಕ್ಕಿಂತ ಎಷ್ಟೋ ಪಾಲು ದುಬಾರಿ. ನಾನು ಒಂದು ಬದಿ 1000, ಇನ್ನೊಂದು ಬದಿ 6000 ಇರುವ ಕಲ್ಲು ತಂದೆ. ಮುಗಿಸಲು ಚರ್ಮದ ಪಟ್ಟಿಯ ಮೇಲೆ ಕ್ರೋಮಿಯಂ ಆಕ್ಸೈಡ್ ಅನ್ನುವ ಹಸಿರು ಪೇಸ್ಟ್ ಸವರಿದೆ. ಹನ್ನೆರಡು ಸಾವಿರದ ಕಲ್ಲಿನ ನಯ ಬರಲಿಲ್ಲ, ಆದರೆ ಉರಿಯಿಲ್ಲದೆ ದಾಡಿ ಆಗುತ್ತದೆ. ಅಡುಗೆಮನೆ ಚಾಕುವಿಗಿಂತ ಇದಕ್ಕೆ ಸಾಣೆ ಹಿಡಿಯುವುದು ಒಂದು ಲೆಕ್ಕದಲ್ಲಿ ಸುಲಭ. ಬೆನ್ನು, ಅಂಚು ಎರಡನ್ನೂ ಕಲ್ಲಿಗೆ ಮಲಗಿಸಿದರೆ ಕೋನ ತಾನಾಗೇ ಸರಿ ಕೂರುತ್ತದೆ.

ಶಹಾಬಾದ್ ಕಲ್ಲಿನ ಮೇಲೆ ತಿಕ್ಕಿದರೆ ಆಗಲ್ವಾ ಅಂತ ಗೆಳೆಯನೊಬ್ಬ ಕೇಳಿದ. ಆಗಲ್ಲ. ಅದು ಸುಣ್ಣಕಲ್ಲು, ಉಕ್ಕಿಗಿಂತ ಮೆತ್ತಗೆ. ಓಣಿಗೆ ಬಂದು ಚಾಕು, ಕತ್ತರಿ ಸಾಣೆ ಹಿಡಿಯುವವರ ಚಕ್ರಕ್ಕಂತೂ ಉಸ್ತರಾ ಕೊಡಲೇಬೇಡಿ. ತೆಳು ಅಂಚು ಬಿಸಿಯಾಗಿ ಉಕ್ಕಿನ ಗಡಸುತನವೇ ಹೋಗುತ್ತದೆ.

ಚರ್ಮದ ಪಟ್ಟಿಗೆ ದುಡ್ಡು ಸುರಿಯಬೇಕಿಲ್ಲ. ಎರಡೂವರೆ ಇಂಚು ಅಗಲದ, ಗೀರಿಲ್ಲದ ಅಸಲಿ ಚರ್ಮದ ತುಂಡು ಚಪ್ಪಲಿ ಹೊಲಿಯುವವರ ಹತ್ತಿರ ಸಿಗುತ್ತದೆ. ರೆಕ್ಸಿನ್ ಬೆಲ್ಟ್ ನಡೆಯುವುದಿಲ್ಲ. ಪ್ರತಿ ದಾಡಿಗೂ ಮುಂಚೆ ಐವತ್ತು ಸಲ ಎಳೆಯಬೇಕು, ಬೆನ್ನು ಮುಂದೆ, ಅಂಚು ಹಿಂದೆ. ಉಲ್ಟಾ ಎಳೆದರೆ ಚರ್ಮವೂ ಕೊಯ್ಯುತ್ತದೆ, ಅಂಚೂ ಹಾಳು.

ಹಳೇ ಉಸ್ತರಾ ನನಗೆ ಪುಕ್ಕಟೆ ಬಂತು, ಆಳಂದದ ಸೋದರಮಾವನ ಪೆಟ್ಟಿಗೆಯಿಂದ. ಅಲಗಿನ ಬುಡದಲ್ಲಿ ಜೋಲಿಂಗನ್ ಮುದ್ರೆ ಇದೆ. ಅಲಗಿನ ಎರಡೂ ಬದಿ ಒಳಕ್ಕೆ ಬಾಗುವಂತೆ ತೆಳ್ಳಗೆ ಕೊರೆದಿದ್ದಾರೆ. ಗೋಲ್ಡ್ ಡಾಲರ್‌ಗೆ ರಜಾದಿನವೆಲ್ಲ ಹಿಡಿದ ಸಾಣೆ ಇದಕ್ಕೆ ಬೇಗ ಮುಗಿಯಿತು. ಕೆನ್ನೆಯ ಮೇಲೆ ಹೋಗುವಾಗ ಕೂದಲು ಕತ್ತರಿಸುವ ಸದ್ದು ಕೇಳುತ್ತದೆ, ಚರ್ಮಕ್ಕೆ ಗೊತ್ತೇ ಆಗುವುದಿಲ್ಲ. ಮೂರರಲ್ಲಿ ಇದಕ್ಕೇ ನನ್ನ ಓಟು. ಆದರೆ ದುಡ್ಡು ಕೊಟ್ಟು ಹಳೇದನ್ನು ಕೊಳ್ಳುವಾಗ ಹುಷಾರು. ಮೇಲ್ಮೈಯ ತುಕ್ಕು ಉಜ್ಜಿದರೆ ಹೋಗುತ್ತದೆ. ಅಂಚಿನಲ್ಲೇ ತುಕ್ಕು ತಿಂದ ಕುಳಿ ಇದ್ದರೆ, ಕೂದಲೆಳೆಯಷ್ಟು ಬಿರುಕು ಇದ್ದರೆ, ಅಂಚು ಒಳಕ್ಕೆ ಬಾಗಿ ಸವೆದಿದ್ದರೆ ಬಿಟ್ಟುಬಿಡಿ. ನೂರು ವರ್ಷದ ಹಳೇ ಮಾಲು ಅಂತ ಬೆಲೆ ಏರಿಸುವವರ ಹತ್ತಿರ ಅಲಗಿನ ಹತ್ತಿರದ ಫೋಟೊ ಕೇಳಿ. ಕೊಡದಿದ್ದರೆ ಅಲ್ಲಿಗೇ ಮುಗಿಸಿ. ಡಮಾಸ್ಕಸ್ ಉಕ್ಕು ಅಂತ ಹೇಳಿ ಅಲೆಅಲೆ ಚಿತ್ರ ಮೂಡಿಸಿದ ಅಗ್ಗದ ಉಸ್ತರಾಗಳು ಗೋಡೆಗೆ ನೇತುಹಾಕಲು ಲಾಯಕ್ಕು.

ಹಾಗಾಗಿ ಐನೂರು ರೂಪಾಯಿ ಇದ್ದರೆ ಅರ್ಧ ಬ್ಲೇಡಿನದು, ಒಂದು ಬ್ರಷ್, ಒಂದು ಪಟಕದ (ಆಲಂ) ತುಂಡು ತೆಗೆದುಕೊಳ್ಳಿ. ಮೊದಲ ಕೆಲವು ವಾರ ಕೆನ್ನೆ ಮಾತ್ರ ಉಸ್ತರಾದಿಂದ, ಗದ್ದ, ಕುತ್ತಿಗೆ ಎಂದಿನ ರೇಜರಿನಿಂದ. ಮನೆಯಲ್ಲಿ ಹಳೇದಿದ್ದರೆ ಆ ದುಡ್ಡನ್ನು ಉಳಿಸಿ ಕಲ್ಲಿಗೆ ಹಾಕಿ. ಗೋಲ್ಡ್ ಡಾಲರ್ ಸಾಣೆ ಕಲಿಯುವ ಹುಚ್ಚು ಇರುವವರಿಗೆ. ಕೆಟ್ಟರೂ ಹೊಟ್ಟೆ ಉರಿಯುವುದಿಲ್ಲ.

ಇನ್ನು ನಮ್ಮ ನೀರು. ಸುಣ್ಣಕಲ್ಲಿನ ಸೀಮೆ, ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬಾರದೆ ಒಡೆಯುತ್ತದೆ, ನೊರೆ ತೆಳುವಾದರೆ ಯಾವ ಉಸ್ತರಾವೂ ಕಚ್ಚುತ್ತದೆ. ಆರ್‌ಒ ಫಿಲ್ಟರ್ ನೀರು ಒಂದು ಲೋಟ ಸಾಕು, ಫರಕು ಅದೇ ದಿನ ಕಾಣುತ್ತದೆ. ಕಾರ್ಬನ್ ಉಕ್ಕನ್ನು ಬಚ್ಚಲಲ್ಲಿ ಇಡಬೇಡಿ. ಒರೆಸಿ, ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸವರಿ ಕಪಾಟಿನಲ್ಲಿಡಿ.

ಜೋಲಿಂಗನ್ ಬಂದ ಮೇಲೂ ನೂರೈವತ್ತರದು ಮೂಲೆ ಸೇರಿಲ್ಲ. ಅಸಲಿ ಉಸ್ತರಾದ ಅಲಗು ಸುಮಾರು ಮೂರು ಇಂಚು ಉದ್ದ, ಮೂಗಿನ ಕೆಳಗೆ ತಿರುಗಿಸಲು ಜಾಗವೇ ಸಾಲುವುದಿಲ್ಲ. ಅರ್ಧ ಬ್ಲೇಡ್ ನಾಲ್ಕು ಸೆಂಟಿಮೀಟರ್ ಚಿಲ್ಲರೆ. ಮೀಸೆಯ ಅಂಚು, ಕಿವಿ ಪಕ್ಕದ ಕಟ್ಟಿಗೆ ಇವತ್ತಿಗೂ ಅದನ್ನೇ ತೆಗೆಯುತ್ತೇನೆ.